ಎಡಗಾಲಿನ ಶೂ

ನಾಮ್‌ಹೆ
ನವೆಂಬರ್ ೧೬, ಭಾನುವಾರ ಸಂಜೆ

ಮಗಾ ಗ್ಯುಬಿನ್,

ಹೇಗಿದ್ದೀಯ? ನಿನ್ನ ಶಿಬಿರದ ಕಡೆ ಈ ಸಲ ಚಳಿ ಜಾಸ್ತಿ ಎಂದು ಟಿವಿಯಲ್ಲಿ ಹೇಳಿದರು. ಹೊಟ್ಟೆ ತುಂಬ ಊಟ ಹಾಕುತ್ತಾರೋ ಇಲ್ಲವೋ? ಆರು ಸಲ ಎಬ್ಬಿಸಿದರೂ ಏಳದವನು ನೀನು, ಈಗ ಕಹಳೆ ಊದಿದ ಕೂಡಲೇ ಏಳಬೇಕಲ್ಲ. ಹಿಮ್ಮಡಿ ಒಡೆದರೆ ಮುಲಾಮು ಕೇಳಿ ಹಚ್ಚಿಕೊ, ಸಂಕೋಚ ಬೇಡ. ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ. ಮೀನು ಒಣಗಿಸುವ ಅಂಗಳದಲ್ಲಿ ಈ ವರ್ಷದ ಕೆಲಸ ಮುಗಿಯುತ್ತಾ ಬಂತು.

ನಿನ್ನ ಬಟ್ಟೆಯ ಪೆಟ್ಟಿಗೆ ಬಂದು ಎಂಟು ದಿನವಾಯಿತು. ಮಗ ಸೈನ್ಯಕ್ಕೆ ಹೋದ ಮನೆಗೆಲ್ಲ ಶಿಬಿರದವರು ಕಳಿಸುವ ಪೆಟ್ಟಿಗೆಯೇ, ಹೋದ ದಿನ ಹಾಕಿಕೊಂಡಿದ್ದ ಬಟ್ಟೆ, ಶೂ. ಮೇಲಿನ ಮನೆಯ ಅಜ್ಜಿ ಮೊಮ್ಮಗನ ಪೆಟ್ಟಿಗೆ ತಬ್ಬಿಕೊಂಡು ಇಡೀ ಬೀದಿಗೆ ಕೇಳುವಂತೆ ಅತ್ತದ್ದು ನಿನಗೆ ನೆನಪಿರಬೇಕು. ನಾನು ಅಳಲಿಲ್ಲ. ಜಗಲಿಯ ಮೇಲಿಟ್ಟೆ, ದಿನಾ ಅದರ ಪಕ್ಕದಲ್ಲೇ ಓಡಾಡಿದೆ. ಮೂರು ತಿಂಗಳ ಹಿಂದೆ ನಿನ್ನಮ್ಮನನ್ನು ದಹನಕ್ಕೆ ಒಯ್ದ ದಿನ ನೀನು ನನ್ನ ತೋಳು ಹಿಡಿದು, "ಅಪ್ಪಾ, ನಿಂಗೆ ಏನೂ ಅನ್ಸಲ್ವಾ?" ಎಂದು ಕೇಳಿದೆಯಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ತೋಳು ಮರಗಟ್ಟುತ್ತದೆ, ಚಿವುಟಿದರೂ ಗೊತ್ತಾಗುವುದಿಲ್ಲ. ಹಾಗಿದ್ದೇನೆ.

ನಿನ್ನೆ ಬೆಳಿಗ್ಗೆ ಪಿಲ್‌ಡು ಚಿಕ್ಕಪ್ಪ ಬಂದು ಬೂಸಾನಿಗೆ ಹೊರಡಿಸಿದ. "ಲೋ ದೊಕ್‌ಸು, ಮನೇಲೇ ಹಿಂಗೆ ಕೂತ್ರೆ ಇನ್ನೊಂದ್ ವಾರಕ್ಕೆ ನಿನ್ನೂ ಮೀನಿನ ಜೊತೆ ಒಣಗೋಕೆ ಹರವ್ತಾರೆ" ಎಂದ. ನಾನು ಕಪ್ಪು ಬೂಟು ಹಾಕಿಕೊಂಡೆ. "ಆ ಸಾವಿನ ಮನೆ ಬೂಟಲ್ಲಿ ಬಂದ್ರೆ ಬಸ್ಸಲ್ಲಿ ನಿನ್ ಪಕ್ಕ ಕೂರಲ್ಲ" ಎಂದ. ಉಳಿದದ್ದು ಅಂಗಳದ ರಬ್ಬರ್ ಬೂಟು ಮಾತ್ರ. ಅವನು ನನ್ನನ್ನು ಒಂದು ಮಾತೂ ಕೇಳದೆ ಪೆಟ್ಟಿಗೆಯ ಅಂಟುಪಟ್ಟಿ ಕಿತ್ತು, ನಿನ್ನ ಬಿಳಿ ಶೂ ತೆಗೆದು ಮುಂದಿಟ್ಟ. ಬಟ್ಟೆ ಮುಟ್ಟಲು ನಾನು ಬಿಡಲಿಲ್ಲ. ಹುಡುಗರು ಬಟ್ಟೆಯ ಜೊತೆ ಎರಡು ಸಾಲು ಬರೆದಿಡುತ್ತಾರಂತೆ, ಹಾಗಾಗಿ ಕಾಗದ ಇದೆಯೇ ಎಂದು ಮೇಲುಮೇಲೆ ನೋಡಿದೆ. ಇರಲಿಲ್ಲ. ಬರೆಯುವಂಥದ್ದು ನಮ್ಮಿಬ್ಬರ ನಡುವೆ ಏನಿದೆ ಎಂದುಕೊಂಡೆ. ನಿನ್ನ ಶೂ ನನಗೆ ಎರಡು ಅಳತೆ ದೊಡ್ಡದು. ಆದರೂ ಎಡಗಾಲಿನದರ ತುದಿಯಲ್ಲಿ ಏನೋ ಒತ್ತುತ್ತಿತ್ತು, ಒಳಗಿನ ಅಟ್ಟೆ ಮಡಚಿಕೊಂಡಿರಬೇಕು ಎಂದು ಸುಮ್ಮನಾದೆ. ಅಪ್ಪನ ಚಪ್ಪಲಿ ಮಗನ ಕಾಲಿಗೆ ಬರುವುದು ಲೋಕರೂಢಿ, ನನ್ನದು ತಿರುಗಾಮುರುಗಾ.

ಬೂಸಾನಿನಲ್ಲಿ ನೆಲದಡಿಯ ರೈಲಿಗೆ ಪಿಲ್‌ಡು ಎರಡು ಸಲ ತಪ್ಪು ದಿಕ್ಕಿನಲ್ಲಿ ಹತ್ತಿಸಿದ. ಎರಡು ಸಲವೂ, "ಬೇಕೂಂತ್ಲೇ ಕಣೋ, ಊರು ನೋಡೋಕ್ ತಾನೆ ಬಂದಿರೋದು" ಎಂದ. ನೆಲದಡಿಯಲ್ಲಿ ಯಾವ ಊರು ಕಾಣುತ್ತದೋ ಅವನಿಗೇ ಗೊತ್ತು. ಹಂದಿಸಾರು ಅನ್ನ ತಿಂದೆವು, ನನ್ನ ಬಟ್ಟಲನ್ನೂ ಅವನೇ ಖಾಲಿ ಮಾಡಿದ. ಚೊರ್ಯಾಂಗಿನ ಗುಡ್ಡದ ಮೆಟ್ಟಿಲು ಹತ್ತಿದೆವು. ಮೇಲಿಂದ ಬಂದರು, ಹಡಗು, ಎತ್ತರದ ಕಟ್ಟಡಗಳು ಎಲ್ಲವೂ ಕಂಡವು. ಕಂಡವು, ಅಷ್ಟೆ. ಎರಡು ಗಂಟೆಗೆ ಯೊಂಗ್‌ಡೊ ಸೇತುವೆ ಎತ್ತುವುದನ್ನು ನೋಡಲು ನಿಂತೆವು. ಯುದ್ಧದಲ್ಲಿ ಚೆದುರಿಹೋದ ಜನ ಇದರ ಬುಡದಲ್ಲೇ ತಮ್ಮವರಿಗಾಗಿ ಕಾಯುತ್ತಿದ್ದರೆಂದು ನಿನ್ನ ಅಜ್ಜ ಹೇಳುತ್ತಿದ್ದ. ರಸ್ತೆ ಎದ್ದು ನಿಂತಿತು, ಜನ ಫೋಟೊ ತೆಗೆದರು, ರಸ್ತೆ ಮತ್ತೆ ಮಲಗಿತು. "ಹೆಂಗಿತ್ತೋ?" ಎಂದ ಪಿಲ್‌ಡು. ಚೆನ್ನಾಗಿತ್ತು ಎಂದೆ. ಪಾಪ, ಅವನ ಮುಖ ಸಣ್ಣದಾಯಿತು.

ಆಮೇಲೆ ಜಗಾಲ್ಚಿ ಮೀನು ಮಾರುಕಟ್ಟೆ. ಒಬ್ಬ ಹೆಂಗಸು ಹಾವುಮೀನಿನ ತೊಟ್ಟಿ ಬಗ್ಗಿಸಿದಳು, ನೀರೆಲ್ಲ ನನ್ನ ಎಡಗಾಲಿನ ಮೇಲೆ. "ಅಯ್ಯೋ ಅಣ್ಣಾ, ಶೂ ಬಿಚ್ಚಿ ಕೊಡಿ, ಒಲೆ ಹತ್ರ ಇಡ್ತೀನಿ. ಅಲ್ಲೀವರ್ಗೂ ನನ್ ಗಂಡನ್ ಬೂಟು ಹಾಕ್ಕೊಂಡಿರಿ" ಎಂದು ಬಲವಂತ ಮಾಡಿದಳು. ಬೇಡ ಎಂದೆ. "ಮೂರ್ ತಿಂಗ್ಳಿಂದ ಇವನ ಬಾಯಲ್ಲಿ ಇದೊಂದೇ ಮಾತು ಕಣಮ್ಮಾ" ಎಂದ ಪಿಲ್‌ಡು. ಅವನು ಹೇಳಿದ್ದು ನಿಜ. ಬೇಡ ಎಂದುಬಿಟ್ಟರೆ ಮುಂದೆ ಏನೂ ಮಾಡಬೇಕಾಗಿಲ್ಲ. ಬಸ್ಸಿನಲ್ಲಿ ಎರಡೂವರೆ ಗಂಟೆ ಒದ್ದೆ ಕಾಲಿನಲ್ಲೇ ಕೂತು ಊರಿಗೆ ಬಂದೆ. ನಿನ್ನ ಶೂ ಹಾಳು ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ತರಬೇತಿ ಮುಗಿಯುವ ದಿನ ಮನೆಯವರನ್ನು ಕರೆದು, ಅವರ ಕೈಯಿಂದಲೇ ಹುಡುಗರ ಎದೆಗೆ ಸಿಪಾಯಿ ದರ್ಜೆಯ ಪಟ್ಟಿ ಹಚ್ಚಿಸುತ್ತಾರೆ. ನಿನ್ನನ್ನು ಬಿಡಲು ಬಂದ ದಿನ ಶಿಬಿರದ ಗೇಟಿನ ಬಳಿ ನೀನು, "ಅವತ್ತು ನೀನು ಬರ್ಬೇಡ" ಎಂದೆಯಲ್ಲ. ಆಯಿತು ಎಂದಿದ್ದೆ. ಆ ಮಾತಿಗೆ ತಪ್ಪುವುದಿಲ್ಲ. ಪಿಲ್‌ಡುವನ್ನು ಕಳಿಸುತ್ತೇನೆ, ಅವನಾದರೆ ನಿನ್ನನ್ನು ನಗಿಸುತ್ತಾನೆ.

ಕಿವಿ ಮುಚ್ಚಿಕೊಂಡು ಮಲಗು. ಜೊತೆಯ ಹುಡುಗರೊಂದಿಗೆ ಹೊಂದಿಕೊಂಡಿರು. ನಿನ್ನಮ್ಮನ ಪಾಲಿನ ಹಾರೈಕೆಯನ್ನೂ ಸೇರಿಸಿ ನಿನಗೆ ಒಳ್ಳೆಯದಾಗಲಿ ಎನ್ನುತ್ತೇನೆ.

ನಿನ್ನ ಅಪ್ಪ,
ದೊಕ್‌ಸು

ಮತ್ತೆ: ಲಕೋಟೆ ಅಂಟಿಸುವ ಮೊದಲು ಶೂ ಒಣಗಲೆಂದು ಹಳೆ ಪೇಪರ್ ತುರುಕಲು ಹೋದೆ. ಎಡಗಾಲಿನದರ ತುದಿಯಲ್ಲಿ ಇದ್ದದ್ದು ಅಟ್ಟೆಯಲ್ಲ, ನಾಲ್ಕು ಮಡಿಕೆ ಮಾಡಿದ ಕಾಗದ. ಮೇಲೆ "ಅಪ್ಪನಿಗೆ" ಎಂಬುದೊಂದು ಉಳಿದಿದೆ, ಒಳಗಿನದೆಲ್ಲ ಕರಗಿ ಬರೀ ನೀಲಿ. ನಿನ್ನೆ ದಿನವಿಡೀ ನಿನ್ನ ಮಾತು ತುಳಿದುಕೊಂಡು ಊರು ಸುತ್ತಿದ್ದೇನೆ. ದೀಪಕ್ಕೆ ಹಿಡಿದೆ, ಇಸ್ತ್ರಿ ಹಾಕಿ ನೋಡಿದೆ, ಒಂದಕ್ಷರವೂ ಸಿಗಲಿಲ್ಲ. ಜಗಲಿಯಲ್ಲಿ ಕೂತು ಅತ್ತೆ ಮಗಾ, ಮೇಲಿನ ಮನೆಯ ಅಜ್ಜಿ ಇಳಿದು ಬಂದು ಏನಾಯ್ತೆಂದು ಕೇಳುವಷ್ಟು ಅತ್ತೆ. ಬಾ ಎಂದು ಬರೆದಿದ್ದೆಯೋ, ಬರಬೇಡ ಎಂದು ಬರೆದಿದ್ದೆಯೋ ನನಗೆ ಗೊತ್ತಿಲ್ಲ. ಇನ್ನೊಮ್ಮೆ ಬರೆಯಬೇಡ. ನಾನು ಬರುತ್ತೇನೆ, ಎದುರಿಗೇ ಹೇಳು. ಬೈಗುಳವಾದರೂ ಸರಿ, ಪೂರ್ತಿ ಕೇಳಿಸಿಕೊಂಡು ಆಮೇಲೆ ಪಟ್ಟಿ ಹಚ್ಚುತ್ತೇನೆ.