ಬರೇ ಶಕ್ತಿ ಗುಳಿಗಿ

ಹಿಮಾಯತ್‌ನಗರ, ಹೈದರಾಬಾದ್
೧೮ ಆಗಸ್ಟ್ ೨೦೦೫

ಪ್ರೀತಿಯ ತಂಗಿ ಕೋಕಿಲಾಗೆ ಅಣ್ಣನ ಆಶೀರ್ವಾದ.

ಗುಲಬರ್ಗಾದಲ್ಲಿ ನೀವೆಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೇಸರಿಸಬೇಡ. ಫೋನಿನಲ್ಲಿ ನಿನ್ನ ದನಿ ಕೇಳುವ ಧೈರ್ಯ ಈಗಲೂ ಇಲ್ಲ.

ನನಗೆ ರಕ್ತ ಕಡಿಮೆಯಾಗಿದೆ ಎಂದಿದ್ದೆನಲ್ಲ, ಅದು ಸುಳ್ಳು. ನನಗಿರುವುದು ರಕ್ತದ ಕ್ಯಾನ್ಸರ್. ಸಂಕ್ರಾಂತಿಯಿಂದ ಚಿಕಿತ್ಸೆ ನಡೆದಿದೆ. ತಾಯಿಯಿಲ್ಲದ ಮಗಳು ಮಧುರಾಗೆ ವರ ನೋಡುತ್ತಿದ್ದ ಹೊತ್ತು. ಈ ರೋಗದ ಹೆಸರು ಕೇಳಿದರೆ ಬಂದವರು ಬಾಗಿಲಿನಿಂದಲೇ ತಿರುಗಿ ಹೋಗುತ್ತಾರೆಂದು ಹೆದರಿ, ಯಾರಿಗೂ ಹೇಳಕೂಡದೆಂದು ಅವಳಿಂದ ಮಾತು ತೆಗೆದುಕೊಂಡಿದ್ದೆ.

ಮೆಹದಿಪಟ್ಟಣಂನ ವೈಜನಾಥರಾಯರ ಮಗ ಅಮೋಲ್‌ನ ಸಂಬಂಧ ಬಂತು. ಅವನೂ ಮಧುರಾಳಂತೆ ಮಾಧಾಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇಬ್ಬರೂ ಒಪ್ಪಿದರು. ಅದೇ ದಿನಗಳಲ್ಲಿ ನನ್ನ ಎದೆಬಡಿತ ಕೆಟ್ಟಿತು. ದಾರ ಕಡಿದ ಹೊಲಿಗೆ ಯಂತ್ರದಂತೆ ದಡದಡ ಓಡುವುದು, ನಡುವೆ ತಡವರಿಸುವುದು. ಡಾಕ್ಟರಿಗೆ ಹೇಳಿದರೆ ಆಸ್ಪತ್ರೆಯಲ್ಲಿ ಮಲಗಿಸುತ್ತಾರೆ, ನಿಶ್ಚಯ ಮುಂದೆ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ.

ಮಾತುಕತೆ ಮುಗಿಸಲು ಮಧುರಾಳನ್ನು ಕರೆದುಕೊಂಡು ಅವರ ಮನೆಗೆ ಹೋದಾಗ, ಎಲೆ ಅಡಿಕೆ ತೆಗೆದುಕೊಳ್ಳಲು ಎದ್ದವನು ಅಲ್ಲೇ ಕುಸಿದೆ. ಅಮೋಲ್ ನನ್ನನ್ನು ಎತ್ತಿ ಕಾರಿನಲ್ಲಿ ಮಲಗಿಸಿದ. ವೈಜನಾಥರಾಯರು ಮಧುರಾಳನ್ನು ಕೇಳಿದರು: “ಇವರು ಏನರೆ ಔಷಧ ತಗೋತಾರೇನವಾ? ದವಾಖಾನಿಯವರಿಗೆ ಹೇಳಬೇಕಾಗ್ತದ.”

ಅವಳು ನನ್ನ ಕಡೆ ನೋಡಿದಳು. ಅಷ್ಟು ಸಂಕಟದಲ್ಲೂ ನಾನು ಬೇಡವೆಂದು ತಲೆ ಅಲ್ಲಾಡಿಸಿದೆ.

“ಏನೂ ಇಲ್ರಿ ಕಾಕಾ. ಬರೇ ಶಕ್ತಿ ಗುಳಿಗಿ,” ಎಂದಳು.

ಆಸ್ಪತ್ರೆಯ ಬಾಗಿಲಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಡಾಕ್ಟರಿಗೆ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು. ತೆಲುಗು ಚೆನ್ನಾಗಿ ಬಲ್ಲ ವೈಜನಾಥರಾಯರು ಹಿಂದೆಯೇ ನಿಂತಿದ್ದರು. ಡಾಕ್ಟರು ಔಷಧ ಏರಿಸಿ ಬಡಿತವನ್ನು ಹತೋಟಿಗೆ ತಂದರು. ರಕ್ತದ ಕ್ಯಾನ್ಸರಿನವರಲ್ಲಿ ರೋಗದಿಂದಲೋ ಮದ್ದಿನಿಂದಲೋ ಹೃದಯದ ಲಯ ತಪ್ಪುವುದುಂಟಂತೆ. ಹಾಗಾದಾಗ ಗುಂಡಿಗೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟರೆ, ನನ್ನಂಥವರಿಗೆ ರಕ್ತಸ್ರಾವದ ಭಯ. ಮೊದಲೇ ಹೇಳಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದು ಡಾಕ್ಟರು ಬೇಸರಪಟ್ಟರು.

ಮರುದಿನ ವೈಜನಾಥರಾಯರು ಗಂಜಿ ತಂದರು. ಬೈಯುತ್ತಾರೆಂದು ಕಾದಿದ್ದೆ. “ಮೊದಲೇ ಹೇಳಿದ್ರೂ ನಾವು ಹೂಂ ಅಂತಿದ್ವಿ. ಈಗೂ ಹೂಂ ಅಂತೀವಿ,” ಎಂದರು. ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ.

ಈಗ ಮನೆಯಲ್ಲಿದ್ದೇನೆ. ಗಾಬರಿಪಟ್ಟು ಓಡಿ ಬರಬೇಡ. ನಿನ್ನ ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ.

ನಿನ್ನ ಅಣ್ಣ,
ಪ್ರಹ್ಲಾದ

ತಾ.ಕ.: ಮದುವೆ ಯಾವಾಗ ಎಂದು ನೀನು ಕೇಳುತ್ತೀ. ಅವರು ಒಪ್ಪಿದರೂ ಮಧುರಾ ಒಲ್ಲೆನೆಂದಳು. “ನಿಮ್ಮ ಜೀವ ಹೊಂಟಿತ್ತು ಅಪ್ಪಾ. ಆಗೂ ನನ್ನ ಬಾಯಾಗ ಸುಳ್ಳೇ ಬಂತು. ಅವರ ಮನ್ಯಾಗ ಯಾವ ಮುಖ ಹೊತ್ತು ಇರ್ಲಿ?” ಎಂದಳು. ದಿನಾ ಬೆಳಿಗ್ಗೆ ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾಳೆ. ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಎಣಿಸಿ ಮುಗಿದರೂ ನನ್ನ ಮುಖ ನೋಡುವುದಿಲ್ಲ.