ಎಂಜಿನ್ನಿನ ಕಾಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಕಿಡಿಗೆ,

ಅಮ್ಮನ ಆಶೀರ್ವಾದ. ನಿನ್ನ ಪತ್ರ ತಲುಪಿತು, ಬೈಗುಳವೂ ತಲುಪಿತು. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲೇ ನಿನ್ನನ್ನು ಕಿಡಿ ಎಂದು ಕರೆದವರು ನಿನ್ನ ಅಪ್ಪ. ಹೆಸರು ಸುಳ್ಳಾಗಲಿಲ್ಲ.

ಮೂರು ಪುಟದ ಉದ್ದಕ್ಕೂ ನೀನು ಕೇಳಿದ್ದು ಒಂದೇ ಪ್ರಶ್ನೆ. ಅಪ್ಪ ಊರಿನಲ್ಲಿಲ್ಲದ ಹೊತ್ತು ನೋಡಿ ಅವರ ಎಂಜಿನ್ನಿನ ಶಾಫ್ಟನ್ನು ಯಾಕೆ ಕತ್ತರಿಸಿ ಹಾಕಿಸಿದೆ? ಚಿಕ್ಕ ದೋಣಿಯ ಹಿಂಬದಿ ಹಲಗೆಯನ್ನು ಐದು ಇಂಚು ಎತ್ತರಿಸಿದ್ದರೆ ಸಾಕಿತ್ತು, ಬೇಕೆಂದಾಗ ಎಂಜಿನ್ನು ಬಿಚ್ಚಿ ಮತ್ತೆ ದೊಡ್ಡ ದೋಣಿಗೆ ಹಾಕಬಹುದಿತ್ತು, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದೆಯಲ್ಲ ಎಂದು ಬರೆದಿದ್ದೀಯ. ನಿಜ, ಎತ್ತಿದ್ದೇನೆ. ಯಾಕೆ ಎಂದು ಹೇಳುತ್ತೇನೆ, ಒಂದು ಕಡೆ ಕೂತು ಓದು. ನಡುವೆ ಎದ್ದು ಅಪ್ಪನಿಗೆ ಫೋನು ಮಾಡಬೇಡ.

ಹೋದ ವರ್ಷದ ಕೊನೆಯಲ್ಲಿ ದೊಡ್ಡ ದೋಣಿಗೆ ಹೊಸ ಟಾರ್ಪಾಲಿನ ಹೊದಿಕೆ ಹೊಲಿಯೋಣವೆಂದು ಅಳತೆಪಟ್ಟಿ ಹಿಡಿದು ಹೋಗಿದ್ದೆ. ಊರಿನ ದೋಣಿಗಳಿಗೆಲ್ಲ ಹೊದಿಕೆ ಹೊಲಿಯುವವಳು, ಸ್ವಂತ ದೋಣಿ ಅಳೆದೇ ಎಷ್ಟೋ ಕಾಲವಾಗಿತ್ತು. ಬಲಪಕ್ಕದ ಬಣ್ಣ ಬಳಿದ ಹಾಗೇ ಇತ್ತು. ಎಡಪಕ್ಕ ನೋಡಬೇಕಿತ್ತು ನೀನು. ಪಕ್ಕದವರ ದೋಣಿಯ ಹಸಿರು, ಇನ್ನಾರದೋ ಕೆಂಪು, ಕಟ್ಟೆಯ ಸಿಮೆಂಟು, ಎಲ್ಲವೂ ಅಲ್ಲಿ ಉಜ್ಜಿಕೊಂಡಿದ್ದವು. ಅಪ್ಪನನ್ನು ಕೇಳಿದರೆ ಬಂದರಿನವರು ಕಂಬವನ್ನು ಸರಿಸಿದ್ದಾರೆ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಅಪ್ಪನ ಪ್ರಕಾರ ಕಾಂಕ್ರೀಟಿನ ಕಂಬವೂ ನಡೆದಾಡುತ್ತದೆ.

ಮನೆಯಲ್ಲೂ ಗಮನಿಸತೊಡಗಿದೆ. ಎಡಗಡೆ ನಿಂತು ಮಾತನಾಡಿಸಿದರೆ ಬೆಚ್ಚಿ ಬೀಳುತ್ತಿದ್ದರು. ನಾನು ಅಲ್ಲಿದ್ದದ್ದೇ ಅವರಿಗೆ ಗೊತ್ತಿರುತ್ತಿರಲಿಲ್ಲ. ಆಮೇಲೆ ಒಂದು ದಿನ, ಬೇಕಾದಷ್ಟು ಬೆಳಕಿದ್ದಾಗಲೇ, ಸಮುದ್ರದಿಂದ ಒಳಗೆ ಬರುತ್ತ, ಚಿಪ್ಪು ತೆಗೆಯುವ ಮುಳುಗುಗಾರನ ಹುಟ್ಟುದೋಣಿಗೆ ನೇರವಾಗಿ ನುಗ್ಗಿಸಿದ್ದಾರೆ. ಅವನು ನೀರಿಗೆ ಹಾರಿ ಉಳಿದುಕೊಂಡ. ಇದನ್ನು ನನಗೆ ಹೇಳಿದ್ದು ನಿನ್ನ ಅಪ್ಪನಲ್ಲ, ಮುಳುಗುಗಾರನೇ. ಹೊದಿಕೆ ಹೊಲಿಸಲು ಬಂದವನು, "ಅಕ್ಕಾ, ಕೂಗಿದ್ ಮೇಲೇ ಅಣ್ಣ ಈ ಕಡೆ ತಿರುಗಿದ್ದು, ಮೊದ್ಲು ನನ್ನ ನೋಡೇ ಇರ್ಲಿಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮರುಕವಿತ್ತು, ಅದು ನನಗೆ ಇನ್ನೂ ಕಷ್ಟವಾಯಿತು.

ಕಣ್ಣಿನ ಡಾಕ್ಟರ ಬಳಿ ಹೋಗೋಣ ಎಂದೆ. ಒಂದು ಮಾತು ಜಗಳವಾಡದೆ ಅಂಗಿ ಹಾಕಿಕೊಂಡು ಹೊರಟುಬಿಟ್ಟರು. ನನಗೆ ನಿಜವಾಗಿ ಭಯವಾದದ್ದು ಆಗಲೇ. ಎಡಗಣ್ಣಿನ ಹೊರಬದಿಯ ನೋಟ ಹೋಗಿಬಿಟ್ಟಿದೆ, ಬಲಗಣ್ಣಿಗೂ ಶುರುವಾಗಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲವಂತೆ. ಔಷಧಿ ಬಿಟ್ಟುಕೊಂಡರೆ ಇರುವುದನ್ನು ಉಳಿಸಿಕೊಳ್ಳಬಹುದಂತೆ. ಒಬ್ಬರೇ ಸಮುದ್ರಕ್ಕೆ ಹೋಗುವುದು ಬೇಡವೇ ಬೇಡ ಎಂದರು. ನಿನ್ನ ಅಪ್ಪ ಕೇಳಿದ್ದು ಇಷ್ಟೇ, ತಿಂಗಳೊಪ್ಪತ್ತಿನಲ್ಲಿ ಸರಿಹೋಗುತ್ತದೆಯೇ ಎಂದು. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣ" ಎಂದರು. ಆ ಒಂದು ಮಾತನ್ನು ನಿನ್ನ ಅಪ್ಪ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ನಿನಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಇಲ್ಲಿಗೆ ಅದು ಮುರಿಯಿತು.

ಕಣ್ಣು ಸರಿಹೋಗುವ ತನಕ ಚಿಕ್ಕ ದೋಣಿಯಲ್ಲಿ ಅಲೆತಡೆ ಗೋಡೆಯ ಒಳಗೇ ಇರುತ್ತೇನೆ ಎಂದು ಒಪ್ಪಿದರು. ದೊಡ್ಡ ದೋಣಿಯ ಎಂಜಿನ್ನು ಬಿಚ್ಚಿ ಚಿಕ್ಕದಕ್ಕೆ ತಗಲಿಸಿದರು. ಉದ್ದ ಕಾಲಿನ ಎಂಜಿನ್ನು ಗಿಡ್ಡ ದೋಣಿಗೆ ಹೇಗೆ ಹೊಂದುತ್ತದೆ ಹೇಳು? ಕಾಲಿನ ತುದಿಯಲ್ಲಿ ನೀರೊಳಗೆ ತಿರುಗುವ ಫ್ಯಾನು ತೀರ ಆಳಕ್ಕಿಳಿದು ಕೆಸರು ಉಳಲು ಶುರುಮಾಡಿತು. ದೋಣಿ ಮೂಗು ಮೇಲೆ ಮಾಡಿಕೊಂಡಿತು, ಹಿಂದಿನಿಂದ ನೀರು ಚಿಮ್ಮಿ ನಿನ್ನ ಅಪ್ಪನ ಬೆನ್ನೆಲ್ಲ ಒದ್ದೆ. ದಡದಲ್ಲಿದ್ದವರು ನಕ್ಕರು, ನಾನೂ ನಕ್ಕೆ.

ನಿನ್ನ ಸ್ಪ್ಯಾನರ್ ಮಾವ ಬಂದು ನೋಡಿ ಎರಡು ದಾರಿ ಹೇಳಿದರು. ಒಂದು, ನೀನು ಹೇಳಿದ್ದೇ: ಹಿಂಬದಿ ಹಲಗೆಯ ಮೇಲೆ ದಪ್ಪ ಮರ ಕೂರಿಸಿ ಎಂಜಿನ್ನನ್ನು ಎತ್ತರಕ್ಕೆ ಏರಿಸುವುದು. ಇನ್ನೊಂದು, ಎಂಜಿನ್ನಿನ ಕಾಲನ್ನೇ ಗಿಡ್ಡ ಮಾಡುವುದು. ಅದರ ನಡುವೆ ಐದು ಇಂಚಿನ ಒಂದು ತುಂಡು ಇರುತ್ತದೆ. ಅದನ್ನು ತೆಗೆದು, ಒಳಗಿನ ಶಾಫ್ಟು, ಗೇರಿನ ಸರಳು, ನೀರಿನ ಪೈಪು ಎಲ್ಲವನ್ನೂ ಅಷ್ಟೇ ಕಡಿಮೆ ಮಾಡಬೇಕು. ಆದರೆ ಹಳೆಯ ಮಾದರಿ, ಉದ್ದದ ಶಾಫ್ಟು ಈಗ ಎಲ್ಲೂ ಸಿಗುವುದಿಲ್ಲ. ಒಮ್ಮೆ ಕತ್ತರಿಸಿದರೆ ದೊಡ್ಡ ದೋಣಿಗೆ ಈ ಎಂಜಿನ್ನು ಮತ್ತೆ ಹತ್ತುವುದಿಲ್ಲ ಎಂದು ಬಿಡಿಸಿ ಹೇಳಿದರು. ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ, ನಿನಗೆ ಗೊತ್ತಿರುವುದೇ. ನಿನ್ನ ಅಪ್ಪ ಅಲ್ಲೇ ಎಲ್ಲರ ಎದುರು ಹೇಳಿದರು, ಮರ ಕೂರಿಸು, ಶಾಫ್ಟು ಮುಟ್ಟಬೇಡ ಎಂದು.

ಮರುದಿನ ಅವರು ನಿನ್ನ ದೊಡ್ಡಪ್ಪನ ಜೊತೆ ದೊಡ್ಡಾಸ್ಪತ್ರೆಯ ಪರೀಕ್ಷೆಗೆಂದು ಹೋದರು. ಬಸ್ಸು ತಿರುವು ದಾಟುವ ತನಕ ಕೈಬೀಸಿ, ಅಲ್ಲಿಂದಲೇ ಸ್ಪ್ಯಾನರ್ ಮಾವನ ಶೆಡ್ಡಿಗೆ ಹೋಗಿ, ಕತ್ತರಿಸಿಬಿಡಿ ಎಂದೆ. ಕೆಲಸ ಮುಗಿಯುವ ತನಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ, ಎದ್ದು ಹೋದರೆ ಮನಸ್ಸು ಬದಲಾದೀತೆಂದು. ಶಾಫ್ಟಿನ ಮೇಲ್ತುದಿಯ ಹಲ್ಲುಗಳನ್ನು ಕತ್ತರಿಸಿ ತೆಗೆದರು. ಉಳಿದ ತುದಿಗೆ ಹೊಸ ಹಲ್ಲು ಕೊರೆಸಲು ಲೇತಿನವನ ಹತ್ತಿರ ಕಳಿಸಿದರು. ನಾನು ಬಟ್ಟೆ ಕತ್ತರಿಸುವಾಗ ತಪ್ಪಿದರೆ ತೇಪೆ ಹಾಕಬಹುದು. ಇದಕ್ಕೆ ತೇಪೆಯಿಲ್ಲ. ಜೋಡಿಸಿ ನೀರಿಗಿಳಿಸಿದಾಗ ಫ್ಯಾನಿನ ಮೇಲಿನ ತಟ್ಟೆ ದೋಣಿಯ ತಳಕ್ಕೆ ಸರಿಸಮ ನಿಂತಿತು. ಒಂದು ಹನಿ ಚಿಮ್ಮಲಿಲ್ಲ.

ಯಾರಾದರೂ ಕೇಳಿದರೆ, ಎಂಜಿನ್ನು ಎತ್ತರಕ್ಕೆ ಹೋದರೆ ಚಿಕ್ಕ ದೋಣಿ ತಲೆಭಾರವಾಗಿ ಓಲಾಡುತ್ತದೆ, ಅದಕ್ಕೇ ಕತ್ತರಿಸಿದ್ದು ಎನ್ನುತ್ತೇನೆ. ಅದು ಸುಳ್ಳಲ್ಲ. ಆದರೆ ಕಾರಣ ಅದಲ್ಲ. ಮರ ಕೂರಿಸಿದ್ದರೆ, ಯಾವುದೋ ಒಂದು ಒಳ್ಳೆಯ ಬೆಳಗ್ಗೆ ನಿನ್ನ ಅಪ್ಪ ನಾಲ್ಕು ಬೋಲ್ಟು ಬಿಚ್ಚಿ, ಎಂಜಿನ್ನನ್ನು ದೊಡ್ಡ ದೋಣಿಗೆ ಹಾಕಿಕೊಂಡು ಗೋಡೆ ದಾಟುತ್ತಿದ್ದರು. ಬೋಲ್ಟು ಬಿಚ್ಚಲು ಅವರಿಗೆ ಕಣ್ಣು ಬೇಕಿಲ್ಲ. ಆ ಬೆಳಗ್ಗೆಗಾಗಿ ದಿನಾ ಕಾಯುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ನನಗೆ ಬೇಕು ಮಗಳೇ. ಮುನಿಸಿಕೊಂಡೇ ಇರಲಿ, ಆದರೆ ಇರಲಿ.

ಬಂದ ದಿನ ಎಂಜಿನ್ನಿನ ಕಾಲನ್ನು ಮೇಲಿಂದ ಕೆಳಗೆ ಸವರಿದರು. ತುಂಡು ತೆಗೆದು ಜೋಡಿಸಿದ ಕಡೆ ಕೈ ನಿಂತಿತು. ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತರು. ಆಮೇಲೆ ಶುರುವಾಯಿತು ನೋಡು! ಇವಳಿಗೆ ಬಟ್ಟೆ ಕತ್ತರಿಸಿ ಕತ್ತರಿಸಿ ಕೈ ಕಡಿತ ಹತ್ತಿದೆ ಎಂದು ಇಡೀ ಬಂದರಿಗೆ ಸಾರಿದರು. ಚಹಾದಂಗಡಿಯಲ್ಲಿ ಈಗಲೂ ಅದೇ ಮಾತು. ನಿನಗೆ ಫೋನು ಮಾಡಿದ್ದೂ ಅದೇ ಬಿಸಿಯಲ್ಲಿ. ದಿನಾ ಚಿಕ್ಕ ದೋಣಿಯಲ್ಲಿ ಗೋಡೆಯ ಒಳಗೆ ಏಡಿಬಲೆ ಹಾಕಿ, ಲಂಗರು ಹಾಕಿದ ಬೇರೆಯವರ ಬೋಟುಗಳಿಗೆ ಆಳುಗಳನ್ನು ತಲುಪಿಸಿ ಬರುತ್ತಾರೆ. ಊಟಕ್ಕೆ ಕೂತರೆ ಒಂದು ತುತ್ತು, ಒಂದು ಬೈಗುಳ. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವರ ಬೆನ್ನ ಹಿಂದೆ ಮಾಡಿದೆನಲ್ಲ ಎಂಬ ಬೇಸರ ಇದೆ, ಬಹಳ ಇದೆ.

ಕಣ್ಣಿಗೆ ಕನ್ನಡಕ ಹಾಕದೆ ವೆಲ್ಡಿಂಗ್ ಮಾಡಬೇಡ. ನಮ್ಮ ಮನೆಗೆ ಒಬ್ಬರು ಸಾಕು.

ಇಂತು,
ನಿನ್ನ ಬೈಗುಳಕ್ಕೆ ಬೆದರದ,
ಅಮ್ಮ

ತಾ.ಕ.: ಇವತ್ತು ಮಂಗಳವಾರ. ಅಂಚೆಗೆ ಹಾಕುವ ಮೊದಲು ಸ್ಪ್ಯಾನರ್ ಮಾವನಿಗೆ ಕೂಲಿ ಕೊಡಲು ಹೋಗಿದ್ದೆ. ಬೇಡವೆಂದರು. ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟರು. ನಿನ್ನ ಅಪ್ಪ ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆಯೇ ಹೋಗಿ ಕೊಟ್ಟುಬಿಟ್ಟಿದ್ದಾರಂತೆ. "ನಾಳೆ ಅವ್ಳು ಬಂದು ಕತ್ತರಿಸು ಅಂತಾಳೆ, ಇಲ್ಲ ಅನ್ಬೇಡ. ಬರ್ಲಿಲ್ಲ ಅಂದ್ರೂ ನೀನೇ ಕತ್ತರ್ಸಿ ಅವ್ಳ ಹೆಸ್ರು ಹೇಳು. ನಾನಾಗೇ ಸಮುದ್ರ ಬಿಟ್ಟೆ ಅಂತ ನಾಲ್ಕು ಜನರ ಮುಂದೆ ಹೇಳೋಕೆ ನನ್ನ ಕೈಲಿ ಆಗಲ್ಲ" ಅಂದರಂತೆ. ನನಗೆ ಇದು ಗೊತ್ತಾಗಿದೆ ಎಂದು ಅವರಿಗೆ ಗೊತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಕೂತು ಎಂದಿನಂತೆ ಬೈದರು, ಬೈಸಿಕೊಂಡೆ. ನಿನಗೂ ಇದು ಗೊತ್ತಿಲ್ಲ, ನೆನಪಿರಲಿ. ರಜೆಗೆ ಬಂದಾಗ ಅಪ್ಪನ ಎದುರಿಗೇ ನನ್ನನ್ನು ಬೈಯಿ. ಪತ್ರದಲ್ಲಿ ಬೈದದ್ದಕ್ಕಿಂತ ಜೋರಾಗಿ, ಹೊರಗೆ ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಬೈಯಿ.