ದಪ್ಪ ತಲೆಯ ಎಂಟು

ನಮ್ಮ ಮನೆಯ ಸರ್ವೋಚ್ಚ ನ್ಯಾಯಾಲಯವಾದ ಅಮ್ಮನಿಗೆ, ಕಡಲತೀರದ ಈ ಹಳೇ ಊರಿನಿಂದ ಮಗಳ ನಮಸ್ಕಾರಗಳು.

ಬೆಳಗಿನಿಂದ ಕೋಟೆ, ದೀಪಸ್ತಂಭ ಎಲ್ಲ ಸುತ್ತಿ ಕಾಲು ಬಿದ್ದುಹೋಗಿದೆ. ಆದರೆ ನಾನು ಬಂದದ್ದೇ ಬಂದರಿನ ಗಡಿಯಾರ ಗೋಪುರ ನೋಡಲು. ಬೋರ್ಡು ಬರೆಯುವ ಅಪ್ಪ, "ಆ ಗಡಿಯಾರದ ಅಂಕಿಗಳನ್ನ ಹರೆಯದಲ್ಲಿ ನಾನೇ ಬರೆದದ್ದು" ಅಂದಾಗಲೆಲ್ಲ ನೀನು, "ಬಿಡ್ರೀ, ಸಮುದ್ರಾನೂ ನೀವೇ ತೋಡಿದ್ದು" ಅನ್ನುತ್ತೀಯಲ್ಲ?

ಅಮ್ಮಾ, ಅಲ್ಲಿನ ಎಂಟರ ಅಂಕಿಗೂ ತಲೆ ದಪ್ಪ, ಹೊಟ್ಟೆ ಸಣ್ಣ. ನಮ್ಮ ಬಾಗಿಲ ಮೇಲೆ ಅಪ್ಪ ಬರೆದ ಮನೆ ನಂಬರಿನ ಎಂಟಿದೆಯಲ್ಲ, "ಶೀರ್ಷಾಸನ ಹಾಕಿದೆ" ಅಂತ ಪೋಸ್ಟ್‌ಮ್ಯಾನ್ ನಗುವುದು, ಭಾನುವಾರ ಪೇಂಟರಿಂದ ಅಳಿಸಿ ನೆಟ್ಟಗೆ ಬರೆಸುತ್ತೇನೆಂದು ನೀನು ಹಟ ಹಿಡಿದಿರುವುದು, ಥೇಟ್ ಅದೇ.

ಗೈಡು ಗಂಭೀರವಾಗಿ, "ಇದು ಪುರಾತನ ನಾವಿಕರ ಶೈಲಿ, ಈಗ ಯಾರಿಗೂ ಬರಲ್ಲ" ಅಂದ.

"ನಮ್ಮಪ್ಪನಿಗೆ ಬರುತ್ತೆ" ಅಂದೆ.

"ಬಿಡಿ ಮೇಡಂ" ಅಂದ, ನಿನ್ನದೇ ಧಾಟಿಯಲ್ಲಿ.

ನಮ್ಮ ಪ್ರವಾಸದ ಬಸ್ಸಿನವರೆಲ್ಲ ಆ ಎಂಟಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಮದುವೆ ಮನೆಯ ಯಜಮಾನಿಯ ಹಾಗೆ ಎಲ್ಲರನ್ನೂ ಮುಂದೆ ಕರೆದು ನಿಲ್ಲಿಸಿದೆ.

ಸಾಕ್ಷಿಗೆ ಈ ಪತ್ರದ ಜೊತೆ ಒಂದು ಫೋಟೊ ಇಟ್ಟಿದ್ದೇನೆ. ಸೋತೆ ಅಂತ ಬಾಯಿಬಿಟ್ಟು ಹೇಳುವುದು ನಿನಗೆ ಕಷ್ಟ, ಗೊತ್ತು. ಪೇಂಟರು ಬಂದಾಗ ಬಾಗಿಲಿಗೆಲ್ಲ ಬಣ್ಣ ಬಳಿಯಲಿ, ಎಂಟನ್ನು ಮಾತ್ರ ಮುಟ್ಟಬೇಡ ಅಂತ ಅಪ್ಪನಿಗೆ ಕೇಳಿಸುವ ಹಾಗೆ ಹೇಳು. ಅಷ್ಟು ಸಾಕು.

ಇಂತಿ,
ಗಡಿಯಾರದ ಎಂಟಿನ ತಂಗಿ